ಎರಡು ರೋಬೋ, ಒಂದೇ ಗಾಡಿ: ಎಲ್ಲ ಇರುವುದು ಕೊಂಡಿಯಲ್ಲಿ

ಓದುಗರ ಪ್ರಶ್ನೆ: ನನ್ನ ಮಗನ ಹತ್ತಿರ ಎರಡು ಪುಟ್ಟ ರೋಬೋಗಳಿವೆ. ಎರಡನ್ನೂ ಮಡಚಿ ಹಿಂದೆ ಮುಂದೆ ಸೇರಿಸಿದರೆ ಒಂದು ಲಾರಿಯಾಗುತ್ತದೆ. ಬೇರೆ ಬೇರೆಯಾಗಿ ಮಡಚಿದರೆ ಯಾವುದೂ ಪೂರ್ತಿ ವಾಹನವಾಗುವುದಿಲ್ಲ. ಒಂದು ಬರೀ ಮೂತಿ, ಇನ್ನೊಂದು ಬರೀ ಬಾಲ. ಇದು ಇರುವುದೇ ಹೀಗಾ, ಅಥವಾ ಏನಾದರೂ ಬಿಡಿಭಾಗ ಕಳೆದುಹೋಗಿದೆಯಾ? ಸೇರಿಸಿದ ಲಾರಿ ನಡುವೆ ಜೋತುಬೀಳುತ್ತದೆ, ಎತ್ತಿದರೆ ಕಳಚಿಕೊಳ್ಳುತ್ತದೆ. ಸರಿಮಾಡಬಹುದಾ? ಇಂಥದ್ದೇ ಹಳೆಯ ಆಟಿಕೆಗಳನ್ನು ಬಿಡಿಯಾಗಿ ಕೊಳ್ಳುವಾಗ ಏನು ನೋಡಬೇಕು?

ತಜ್ಞರ ಉತ್ತರ:

ಏನೂ ಕಳೆದುಹೋಗಿಲ್ಲ. ನಿಮ್ಮ ಮಗನ ಕೈಯಲ್ಲಿರುವುದು ಪೂರ್ತಿ ಆಟಿಕೆಯೇ. ಒಂದೇ ವಾಹನವನ್ನು ಇಬ್ಬರು ಹಂಚಿಕೊಳ್ಳುವ ಈ ಬಗೆಯ ರೋಬೋಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ ಗಾಡಿ. ನಾವು ಸಾಮಾನ್ಯವಾಗಿ ನೋಡುವುದು ಇದರ ಉಲ್ಟಾ ಲೆಕ್ಕ: ಹಲವು ವಾಹನಗಳು ಕೂಡಿ ಒಂದು ದೊಡ್ಡ ರೋಬೋ. ಹಾಗಾಗಿ ಅರ್ಧ ಗಾಡಿ ಕೈಗೆ ಸಿಕ್ಕಾಗ ಏನೋ ಕಡಿಮೆ ಬಿದ್ದಿದೆ ಅನ್ನಿಸುವುದು ಸಹಜ. ನನಗಂತೂ ಈ ಅರ್ಧ ಗಾಡಿಗಳ ಮೇಲೇ ಹೆಚ್ಚು ಪ್ರೀತಿ. ಇವುಗಳ ಒಳಿತು ಕೆಡುಕು ಎಲ್ಲ ತೀರ್ಮಾನವಾಗುವುದು ಎರಡರ ನಡುವಿನ ಒಂದು ಕೊಂಡಿಯಲ್ಲಿ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

ಈ ಯೋಚನೆ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್, ಮೈಕ್ರೊ ಚೇಂಜ್ ಎಂಬ ರೂಪ ಬದಲಿಸುವ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೊ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಲ್ಲಿ ಮಾರತೊಡಗಿತು. ಮರುವರ್ಷ ಬಂದ ಡೆವಾಸ್ಟೇಟರ್‌ನಲ್ಲಿ ಕಟ್ಟಡ ಕೆಲಸದ ಆರು ವಾಹನಗಳು ಕೂಡಿ ಒಬ್ಬ ದೈತ್ಯನಾಗುತ್ತಿದ್ದವು. ಅಲ್ಲಿ ಯಾರು ಕೈ, ಯಾರು ಕಾಲು ಅನ್ನುವುದು ಮೊದಲೇ ಗೊತ್ತುಮಾಡಿದ್ದು, ಅದಲುಬದಲು ಮಾಡುವಂತಿಲ್ಲ. 1986ರಲ್ಲಿ ಬಂದ ಸುಪೀರಿಯನ್, ಮೆನಾಸರ್, ಡಿಫೆನ್ಸರ್, ಬ್ರೂಟಿಕಸ್‌ಗಳಲ್ಲಿ ನಿಜವಾದ ಬದಲಾವಣೆ ಆಯಿತು. ತಂಡದ ನಾಯಕ ಮುಂಡವಾಗುತ್ತಾನೆ, ಉಳಿದ ನಾಲ್ವರು ಕೈಕಾಲಾಗುತ್ತಾರೆ, ಮತ್ತು ಎಲ್ಲ ಕೈಕಾಲುಗಳ ಕೊಂಡಿಗೂ ಒಂದೇ ಅಳತೆ. ವಿಮಾನಗಳ ತಂಡದ ಒಬ್ಬನನ್ನು ಕಾರುಗಳ ತಂಡದ ದೈತ್ಯನಿಗೆ ಕೈಯಾಗಿ ಸಿಕ್ಕಿಸಬಹುದು. 1987ರ ಡ್ಯುಯೊಕಾನ್‌ಗಳು ನಿಮ್ಮ ಮಗನ ಆಟಿಕೆಗೆ ನೇರ ವಿಲೋಮ. ಬ್ಯಾಟಲ್‌ಟ್ರ್ಯಾಪ್ ಎಂಬುದರಲ್ಲಿ ಒಂದು ಹೆಲಿಕಾಪ್ಟರ್, ಒಂದು ನೆಲದ ವಾಹನ. ಎರಡೂ ಸೇರಿದರೆ ಒಂದು ರೋಬೋ. ಬಿಡಿಯಾಗಿದ್ದಾಗ ಎರಡೂ ಪೂರ್ತಿ ವಾಹನಗಳೇ, ಆದರೆ ಸ್ವಂತ ರೋಬೋ ರೂಪ ಯಾವುದಕ್ಕೂ ಇಲ್ಲ.

ನಿಮ್ಮ ಆಟಿಕೆಯ ನೇರ ಪೂರ್ವಜರು ಬಂದದ್ದು 1990ರಲ್ಲಿ. ಅದರ ಹಿಂದಿನ ವರ್ಷ ಮೈಕ್ರೊಮಾಸ್ಟರ್ ಎಂಬ ಹೆಸರಿನಲ್ಲಿ ಸುಮಾರು 5 ಸೆಂಟಿಮೀಟರ್ ಎತ್ತರದ ಪುಟಾಣಿ ರೋಬೋಗಳು ಶುರುವಾಗಿದ್ದವು. 1990ರಲ್ಲಿ ಇವುಗಳಿಗೆ ಕಂಬೈನರ್, ಅಂದರೆ ಒಂದಕ್ಕೊಂದು ಸೇರಿಕೊಳ್ಳುವ ರೋಬೋಗಳ ತಂಡಗಳು ಸೇರಿದವು: ಆಸ್ಟ್ರೊ, ಬ್ಯಾಟಲ್, ಮೆಟ್ರೊ, ಕನ್‌ಸ್ಟ್ರಕ್ಟರ್ ಅಂತ ನಾಲ್ಕು ಸ್ಕ್ವಾಡ್. ಒಂದೊಂದು ಪೊಟ್ಟಣದಲ್ಲಿ ಆರು ರೋಬೋಗಳು, ಅಂದರೆ ಮೂರು ಜೋಡಿ. ಮೆಟ್ರೊ ತಂಡದಲ್ಲಿ ಆಯ್ಲರ್ ಮತ್ತು ಸ್ಲೈಡ್ ಒಂದು ಜೋಡಿ; ಕನ್‌ಸ್ಟ್ರಕ್ಟರ್ ತಂಡದಲ್ಲಿ ಸ್ಲೆಡ್ಜ್ ಮತ್ತು ಹ್ಯಾಮರ್ ಒಂದು ಜೋಡಿ. ಒಬ್ಬ ಗಾಡಿಯ ಮುಂದಿನ ಅರ್ಧ, ಇನ್ನೊಬ್ಬ ಹಿಂದಿನ ಅರ್ಧ. 1986ರ ಕೈಕಾಲುಗಳ ಪಾಠವನ್ನು ಇಲ್ಲಿ ಪೂರ್ತಿ ಬಳಸಿಕೊಂಡರು. ಕೊಂಡಿ ಎಲ್ಲರಿಗೂ ಒಂದೇ, ಹಾಗಾಗಿ ಯಾವ ಮೂತಿಗೆ ಯಾವ ಬಾಲ ಬೇಕಾದರೂ ಹಾಕಬಹುದು. ಒಂದೇ ಪೊಟ್ಟಣದ ಮೂರು ಮೂತಿ, ಮೂರು ಬಾಲಗಳಿಂದ 9 ವಾಹನ. ನಾಲ್ಕೂ ತಂಡ ಕೂಡಿದರೆ 12 ಮೂತಿ, 12 ಬಾಲ, 144 ವಾಹನ. ಇವುಗಳಲ್ಲಿ ಬಹುಪಾಲು ಯಾವ ರಸ್ತೆಯಲ್ಲೂ ಓಡದ ವಿಚಿತ್ರ ಗಾಡಿಗಳು. ಮಕ್ಕಳು ಗಂಟೆಗಟ್ಟಲೆ ಕೂತು ಮಾಡುವುದು ಅವನ್ನೇ.

ಇಷ್ಟು ಒಳ್ಳೆಯ ಯೋಚನೆ ಯಾಕೆ ಹೆಚ್ಚು ಹರಡಲಿಲ್ಲ? ಒಂದು ಕಾರಣ ಕಾಲ. ಅಮೆರಿಕದಲ್ಲಿ ಮೊದಲ ಸರಣಿಯ ಟ್ರಾನ್ಸ್‌ಫಾರ್ಮರ್ಸ್ ನಿಂತದ್ದೇ 1990ರಲ್ಲಿ. ಈ ಜೋಡಿಗಳು ಬಂದದ್ದು ಸರಣಿಯ ಕೊನೆಯ ಉಸಿರಿನಲ್ಲಿ. ಇನ್ನೊಂದು ಕಾರಣ ವ್ಯಾಪಾರದ್ದು. ಅರ್ಧ ಗಾಡಿಯನ್ನು ಒಂಟಿಯಾಗಿ ಮಾರುವುದು ಕಷ್ಟ. ಮೂತಿ ಕೊಂಡ ಮಗುವಿಗೆ ಅದೇ ಅಂಗಡಿಯಲ್ಲಿ ಬಾಲ ಸಿಗದಿದ್ದರೆ ಆ ಆಟ ಅಲ್ಲಿಗೇ ನಿಂತಿತು. ಆರನ್ನೂ ಒಂದೇ ಪೊಟ್ಟಣದಲ್ಲಿ ಹಾಕಿದ್ದರಿಂದ ಆ ತೊಂದರೆ ತಪ್ಪಿತು, ಆದರೆ ಒಂದೊಂದಾಗಿ ಮಾರುವ ದಾರಿ ಉಳಿಯಲಿಲ್ಲ. ಮುಂದೆ 2002ರ ಮಿನಿಕಾನ್‌ಗಳು ಬಂದಾಗ ಬೇರೆ ದಾರಿ ಹಿಡಿದರು: ಜೆಟ್‌ಸ್ಟಾರ್ಮ್, ರನ್‌ವೇ, ಸೋನಾರ್ ಎಂಬ ಮೂರು ಪುಟ್ಟ ರೋಬೋಗಳು ಕೂಡಿ ಸ್ಟಾರ್ ಸೇಬರ್ ಎಂಬ ಖಡ್ಗವಾಗುತ್ತವೆ, ಆದರೆ ಒಂದೊಂದಕ್ಕೂ ಸ್ವಂತದ್ದೊಂದು ಪೂರ್ತಿ ವಾಹನ ರೂಪವೂ ಇದೆ. ಯಾರೂ ಯಾರನ್ನೂ ಕಾಯಬೇಕಾಗಿಲ್ಲ. ಮಾರುವವರಿಗೆ ಇದು ಸುರಕ್ಷಿತ. ನನ್ನ ಕಣ್ಣಿಗೆ ಮಾತ್ರ ಒಬ್ಬರಿಗೊಬ್ಬರು ಬೇಕೇಬೇಕು ಅನ್ನುವ ವಿನ್ಯಾಸದಲ್ಲಿ ಹೆಚ್ಚು ಆಟವಿದೆ. ಇಬ್ಬರು ಮಕ್ಕಳ ಕೈಯಲ್ಲಿ ಒಂದೊಂದು ಅರ್ಧ ಇದ್ದಾಗ ಗಾಡಿ ಹೊರಡಬೇಕಾದರೆ ಇಬ್ಬರೂ ಒಪ್ಪಬೇಕು. ಎಲ್ಲಿಗೆ ಹೋಗುವುದು, ಯಾರು ಯಾವಾಗ ಕಳಚಿಕೊಂಡು ರೋಬೋ ಆಗುವುದು ಅನ್ನುವ ಮಾತುಕತೆಯೇ ಆಟದ ಅರ್ಧ ಭಾಗ.

ಇನ್ನು ವಿನ್ಯಾಸ. ಒಂದು ವಾಹನವನ್ನು ಇಬ್ಬರಿಗೆ ಹಂಚಲು ಮೂರು ದಾರಿಗಳಿವೆ. ಮೇಲೆ ಕೆಳಗೆ ಕತ್ತರಿಸಿದರೆ ಒಬ್ಬನಿಗೆ ಗಾಲಿಗಳಿರುವ ತಳ, ಇನ್ನೊಬ್ಬನಿಗೆ ಮೇಲಿನ ಚಿಪ್ಪು ಸಿಗುತ್ತದೆ. ಮೇಲಿನವನಿಗೆ ಗಾಲಿಯೇ ಇಲ್ಲ, ರೋಬೋ ಆದಾಗಲೂ ಬೆನ್ನ ಮೇಲೆ ಒಂದು ಖಾಲಿ ಡೋಣಿ ಹೊತ್ತು ನಿಂತಿರುತ್ತಾನೆ. ನನಗೆ ಇದು ಎಂದೂ ಒಪ್ಪಿಗೆಯಾಗಿಲ್ಲ. ಎಡ ಬಲ ಕತ್ತರಿಸಿದರೆ ಇಬ್ಬರಿಗೂ ಎರಡೆರಡು ಗಾಲಿ, ಅರ್ಧರ್ಧ ಗಾಜು ಸಿಗುತ್ತದೆ. ಪಾಲು ಸಮ, ಆದರೆ ಸೇರಿಕೆಯ ಗೆರೆ ಬಾನೆಟ್ಟಿನ ನಟ್ಟನಡುವೆ ಮೂತಿಯಿಂದ ಬಾಲದವರೆಗೆ ಹಾದುಹೋಗುತ್ತದೆ. ಕಣ್ಣು ಮೊದಲು ಬೀಳುವ ಜಾಗವೇ ಅದು. ಒಂದು ಕೂದಲೆಳೆ ವ್ಯತ್ಯಾಸವಾದರೂ ಎದ್ದು ಕಾಣುತ್ತದೆ.

ಮೂರನೆಯದು ನಿಮ್ಮ ಮಗನ ಲಾರಿಯಂತೆ ಹಿಂದೆ ಮುಂದೆ ಕತ್ತರಿಸುವುದು. ಇಲ್ಲಿ ಗೆರೆ ಅಡ್ಡಕ್ಕೆ ಬರುತ್ತದೆ, ಕ್ಯಾಬಿನ್ ಮುಗಿದು ಹಿಂದಿನ ಡಬ್ಬ ಶುರುವಾಗುವ ಕಡೆ. ನಿಜವಾದ ಲಾರಿಯಲ್ಲೂ ಅಲ್ಲೊಂದು ಸಂದಿ ಇರುವುದರಿಂದ ಕಣ್ಣು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಪಾಲು ಮಾತ್ರ ಸಮ ಅಲ್ಲ. ಮುಂದಿನವನಿಗೆ ದೀಪ, ಗಾಜು, ಬಂಪರ್ ಎಲ್ಲ ಸಿಗುತ್ತದೆ. ಎದೆಯ ಮೇಲೆ ಅದನ್ನೆಲ್ಲ ಇಟ್ಟುಕೊಂಡರೆ ರೋಬೋಗೆ ಸುಲಭವಾಗಿ ಒಂದು ಮುಖಲಕ್ಷಣ ಬರುತ್ತದೆ. ಹಿಂದಿನವನಿಗೆ ಸಿಗುವುದು ಒಂದು ಡಬ್ಬ. ಆ ಡಬ್ಬದೊಳಗಿಂದ ಒಬ್ಬ ನೆನಪಿನಲ್ಲಿ ಉಳಿಯುವ ರೋಬೋವನ್ನು ಹೊರತೆಗೆಯುವುದರಲ್ಲಿ ವಿನ್ಯಾಸಕಾರನ ಶಕ್ತಿ ಗೊತ್ತಾಗುತ್ತದೆ. ಜೋಡಿಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಬಾಲದ ರೋಬೋವನ್ನೇ. ಅವನಿಗೆ ಕುತ್ತಿಗೆ ಇದೆಯೇ, ಕೈಗಳು ಬದಿಯ ಗೋಡೆಗಳಿಂದ ಬಿಡಿಸಿಕೊಂಡು ನಿಜವಾಗಿ ಮುಂದೆ ಬರುತ್ತವೆಯೇ, ಅಥವಾ ಡಬ್ಬದ ಮೇಲೊಂದು ತಲೆ ಅಂಟಿಸಿ ಸುಮ್ಮನಾಗಿದ್ದಾರೆಯೇ?

ಈಗ ನಿಮ್ಮ ಲಾರಿ ಜೋತುಬೀಳುವ ಸಂಗತಿ. ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಒಂದೊಂದು ಅರ್ಧವೂ 30 ಗ್ರಾಂ ಇದೆ, 6 ಸೆಂಟಿಮೀಟರ್ ಉದ್ದ ಇದೆ, ಅದರ ಭಾರದ ಕೇಂದ್ರ ಕೊಂಡಿಯಿಂದ 3 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಮೂತಿ ಹಿಡಿದು ಲಾರಿಯನ್ನು ಎತ್ತಿದರೆ ಹಿಂದಿನ ಅರ್ಧ ಗಾಳಿಯಲ್ಲಿ ನೇತಾಡುತ್ತದೆ. ಕೊಂಡಿಯ ಮೇಲೆ ಬೀಳುವ ಬಾಗುಬಲ 30ನ್ನು 3ರಿಂದ ಗುಣಿಸಿದಷ್ಟು, ಅಂದರೆ 90 ಗ್ರಾಂ-ಸೆಂಟಿಮೀಟರ್. ಕೊಂಡಿಯಲ್ಲಿ ಒಂದರ ಮೇಲೊಂದು ಎರಡು ಗೂಟಗಳಿದ್ದು ಅವುಗಳ ನಡುವೆ ಬರೀ 5 ಮಿಲಿಮೀಟರ್ ಅಂತರವಿದ್ದರೆ, ಮೇಲಿನ ಗೂಟವನ್ನು ಹೊರಗೆಳೆಯುವ ಬಲ 180 ಗ್ರಾಂ ತೂಕಕ್ಕೆ ಸಮ. ಅದೇ ಗೂಟಗಳನ್ನು 15 ಮಿಲಿಮೀಟರ್ ದೂರ ಇಟ್ಟಿದ್ದರೆ ಬರೀ 60 ಗ್ರಾಂ. ಗೂಟ ಅದೇ, ಬಿಗಿ ಅದೇ, ಎಳೆತ ಮಾತ್ರ ಮೂರನೇ ಒಂದು. ನಿಮ್ಮದರಲ್ಲಿ ಬಹುಶಃ ಗೂಟಗಳು ಹತ್ತಿರ ಹತ್ತಿರ ಇವೆ, ಅಥವಾ ಇರುವುದೇ ಒಂದು. ಒಂಟಿ ಗೂಟವಾದರೆ ಬಾಗುಬಲವನ್ನು ತಡೆಯುವ ಕೆಲಸ ಗೂಟದ ಬುಡದ ಸುತ್ತಲಿನ ಸಮತಟ್ಟಾದ ಮುಖದ ಮೇಲೆ ಬೀಳುತ್ತದೆ. ಆ ಮುಖಗಳು ಪೂರ್ತಿ ಒತ್ತಿಕೊಳ್ಳದಿದ್ದರೆ ಗಾಡಿ ತಲೆಯಾಡಿಸುತ್ತದೆ.

ನೆಲದ ಮೇಲಿಟ್ಟಾಗ ಇದೇ ಬಲ ತಿರುಗಿ ಕೆಲಸ ಮಾಡುತ್ತದೆ. ಗಾಲಿಗಳು ಎರಡೂ ತುದಿಯಲ್ಲಿದ್ದರೆ, ಅಂದರೆ ಕೊಂಡಿಯಿಂದ 6 ಸೆಂಟಿಮೀಟರ್ ದೂರ ಇದ್ದರೆ, ಗಾಲಿಗೂ ಭಾರದ ಕೇಂದ್ರಕ್ಕೂ ನಡುವೆ 3 ಸೆಂಟಿಮೀಟರ್ ಇರುವುದರಿಂದ ಅಲ್ಲೂ ಲೆಕ್ಕ 90ಕ್ಕೇ ಬಂದು ನಿಲ್ಲುತ್ತದೆ. ಈ ಸಲ ಬಾಯ್ಬಿಡುವುದು ಕೊಂಡಿಯ ಕೆಳ ಅಂಚು. ಗಾಲಿಯನ್ನು 4 ಸೆಂಟಿಮೀಟರ್‌ಗೆ ಒಳಗೆ ತಂದರೆ 30. ಭಾರದ ಕೇಂದ್ರದ ಕೆಳಗೇ, 3 ಸೆಂಟಿಮೀಟರ್‌ನಲ್ಲಿ ಇಟ್ಟರೆ ಸೊನ್ನೆ. ಆಗ ಒಂದೊಂದು ಅರ್ಧವೂ ತನ್ನ ಎರಡು ಗಾಲಿಗಳ ಮೇಲೆ ತಾನೇ ತೂಗಿ ನಿಲ್ಲಬಲ್ಲದು, ಕೊಂಡಿ ಬರೀ ಜೊತೆ ಹಿಡಿದುಕೊಂಡಿದ್ದರೆ ಸಾಕು. ಗಾಲಿಯ ಜಾಗ ನೋಡಿ ಕೊಂಡಿಯ ಆಯಸ್ಸು ಹೇಳಬಹುದು.

ಹಾಗಾಗಿ ಅಂಟು ಹುಡುಕುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡನ್ನೂ ಬಿಡಿಸಿ, ವಾಹನ ರೂಪಕ್ಕೆ ಮಡಚಿ, ಒಂದೊಂದನ್ನೇ ಅದರ ಗಾಲಿಗಳ ಮೇಲೆ ನಿಲ್ಲಿಸಿ. ಕೊಂಡಿಯ ಕಡೆಗೆ ಮುಗ್ಗರಿಸಿದರೆ ಆ ಅರ್ಧವೇ ಲಾರಿಯನ್ನು ನಡುವೆ ಕೆಳಗೆಳೆಯುತ್ತಿದೆ. ಅನೇಕ ಸಲ ಕಾರಣ ಬಹಳ ಸಣ್ಣದು: ಒಂದು ಕೈ ಪೂರ್ತಿ ಒಳಗೆ ಮಡಚಿರುವುದಿಲ್ಲ, ಅಥವಾ ಪಾದ ಒಂದು ಹಲ್ಲು ಕಡಿಮೆ ತಿರುಗಿರುತ್ತದೆ, ಆದ್ದರಿಂದ ಎದುರುಬದುರು ಮುಖಗಳು ಕೂಡುವುದಿಲ್ಲ. ಬೆಳಕಿಗೆ ಹಿಡಿದು ಸಂದಿಯನ್ನು ನೋಡಿ. ಗೆರೆ ಒಂದು ಕಡೆ ಮಾತ್ರ ಅಗಲವಾಗಿದ್ದರೆ ಮಡಚುವುದರಲ್ಲಿ ಏನೋ ಉಳಿದಿದೆ. ಮಡಿಕೆ ಸರಿಯಿದ್ದೂ ಮುಗ್ಗರಿಸುತ್ತಿದ್ದರೆ ಆ ಅರ್ಧದ ಹೊರತುದಿಯ ಒಳಗಿನ ಟೊಳ್ಳಿಗೆ ಸ್ವಲ್ಪ ಅಂಟುಜೇಡಿ ಒತ್ತಿ, ಭಾರ ಹೊರಗೆ ಸರಿಯುತ್ತದೆ. ಮನೆಯಲ್ಲಿ ತೀರಾ ಚಿಕ್ಕ ಮಗು ಇದ್ದರೆ ಈ ಉಪಾಯ ಬೇಡ.

ಗೂಟವೇ ಸವೆದಿದ್ದರೆ ಅದನ್ನು ಕೂದಲೆಳೆಯಷ್ಟು ದಪ್ಪ ಮಾಡಬೇಕು. ಬಣ್ಣವಿಲ್ಲದ ನೇಲ್ ಪಾಲಿಶ್, ಅಥವಾ ಕಾಗದಕ್ಕೆ ಬಳಸುವ ಬಿಳಿ ಅಂಟನ್ನು ಗೂಟಕ್ಕೆ ತೆಳುವಾಗಿ ಒಂದು ಪದರ ಸವರಿ, ರಾತ್ರಿಯಿಡೀ ಒಣಗಲು ಬಿಟ್ಟು, ಆಮೇಲೆ ಸಿಕ್ಕಿಸಿ ನೋಡಿ. ಸಾಲದಿದ್ದರೆ ಇನ್ನೊಂದು ಪದರ. ಹಚ್ಚುವುದು ಗೂಟಕ್ಕೆ ಮಾತ್ರ, ತೂತಿನೊಳಗೆ ಬೇಡ. ತೂತಿನಲ್ಲಿ ಎಷ್ಟು ಉಳಿಯಿತು ಅಂತ ಕಣ್ಣಿಗೆ ಕಾಣುವುದಿಲ್ಲ. ಸೂಪರ್ ಗ್ಲೂ ಗಟ್ಟಿಯಾದ ಪದರ ಕೊಡುತ್ತದೆ ನಿಜ, ಆದರೆ ಪೂರ್ತಿ ಒಣಗುವ ಮೊದಲು ಸೇರಿಸಿದರೆ ಎರಡು ರೋಬೋ ಶಾಶ್ವತವಾಗಿ ಒಂದೇ ಲಾರಿ, ಮತ್ತು ಅದರ ಆವಿ ಪಾರದರ್ಶಕ ಗಾಜಿನ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಗೂಟ ಮೇಣದಂತೆ ನುಣುಪಾಗಿದ್ದು ಯಾವ ಪದರವೂ ನಿಲ್ಲದೆ ಸಿಪ್ಪೆಯಂತೆ ಎದ್ದು ಬಂದರೆ ಅದು ಅಸಿಟಾಲ್ ಇರಬಹುದು. ಆ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಅಲ್ಲಿ ತೆಳ್ಳನೆಯ ಟೇಪಿನ ಚೂರನ್ನು ಗೂಟಕ್ಕೆ ಒಂದು ಸುತ್ತು ಹಾಕುವುದೇ ದಾರಿ. ಕೊಂಡಿ ವಿಪರೀತ ಬಿಗಿಯಾಗಿದ್ದರೆ ಸಿಲಿಕೋನ್ ಗ್ರೀಸನ್ನು ಬಳಸಿ. ಪೆಟ್ರೋಲಿಯಂ ಎಣ್ಣೆಗಳಿಂದ ಕೆಲವು ಪ್ಲಾಸ್ಟಿಕ್‌ಗಳು, ಮುಖ್ಯವಾಗಿ ಪಾರದರ್ಶಕ ಭಾಗಗಳು, ಬಿರುಕು ಬಿಡುತ್ತವೆ.

ಬಿಡಿ ಅರ್ಧಗಳನ್ನು ಕೊಳ್ಳುವ ವಿಷಯ. ಹಳೆಯ ಆಟಿಕೆಯ ಮೈಮೇಲೆ ಒತ್ತಿರುವ ಇಸವಿಯನ್ನು ನೋಡಿ ಅದೇ ವರ್ಷ ತಯಾರಾದದ್ದು ಅಂದುಕೊಳ್ಳಬೇಡಿ. ಅದು ಹಕ್ಕುಸ್ವಾಮ್ಯದ ಇಸವಿ, ಅದೇ ಅಚ್ಚಿನಿಂದ ಎಷ್ಟೋ ವರ್ಷ ಆಟಿಕೆ ತೆಗೆದಿರಬಹುದು. ಗೂಟದ ಬುಡವನ್ನು ಹತ್ತಿರದಿಂದ ನೋಡಿ. ಅಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡಿದ್ದರೆ ಅದು ಕೊಳೆ ಅಲ್ಲ, ಒಳಗೆ ಸಣ್ಣ ಬಿರುಕುಗಳು ಶುರುವಾಗಿವೆ ಅಂತ ಅರ್ಥ. ಇನ್ನು ನಾಲ್ಕು ಸಲ ಸಿಕ್ಕಿಸಿದರೆ ಮುರಿಯಬಹುದು. ಮಿನುಗುವ ಚಿನ್ನದ ಬಣ್ಣ ಪ್ಲಾಸ್ಟಿಕ್ಕಿನೊಳಗೇ ಸುಳಿಸುಳಿಯಾಗಿ ಬೆರೆತಿದ್ದರೆ ಇನ್ನೂ ಎಚ್ಚರ. 1980ರ ದಶಕದ ಕೊನೆಯಿಂದ 1990ರ ದಶಕದವರೆಗಿನ ಅನೇಕ ಆಟಿಕೆಗಳಲ್ಲಿ ಈ ಬಗೆಯ ಪ್ಲಾಸ್ಟಿಕ್ ವಯಸ್ಸಾದಂತೆ ತಾನೇ ಪುಡಿಯಾಗುತ್ತದೆ. ಸಂಗ್ರಾಹಕರ ಬಾಯಲ್ಲಿ ಇದು ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್. ಎಷ್ಟೇ ಚೆನ್ನಾಗಿ ಕಂಡರೂ ಅಂಥದ್ದನ್ನು ಮಗುವಿನ ಕೈಗೆ ಕೊಡಲು ಕೊಳ್ಳಬೇಡಿ. ಹಳದಿಗಟ್ಟಿದ ಬಿಳಿ ಪ್ಲಾಸ್ಟಿಕ್ ಅಷ್ಟು ಚಿಂತೆಯ ವಿಷಯವಲ್ಲ, ಹೆಚ್ಚಾಗಿ ಬಣ್ಣದ ತೊಂದರೆ ಅಷ್ಟೆ.

ನಕಲಿಗಳನ್ನು ಹಿಡಿಯಲು ಕೊಂಡಿಯೇ ಒಳ್ಳೆಯ ಸಾಕ್ಷಿ. ಅಸಲಿ ಆಟಿಕೆಯಿಂದಲೇ ಅಚ್ಚು ತೆಗೆದು ಮಾಡಿದ ನಕಲು, ಪ್ಲಾಸ್ಟಿಕ್ ತಣಿಯುವಾಗ ಕುಗ್ಗುವುದರಿಂದ, ಅಸಲಿಗಿಂತ ಸ್ವಲ್ಪ ಚಿಕ್ಕದಾಗಿರುತ್ತದೆ. ಬಣ್ಣ, ಸ್ಟಿಕ್ಕರ್ ಎಲ್ಲ ಸರಿ ಕಂಡರೂ ನಿಮ್ಮ ಹತ್ತಿರದ ಅಸಲಿ ಅರ್ಧಕ್ಕೆ ಸೇರಿಸಿದಾಗ ಗೂಟ ಲಟಪಟ ಅನ್ನುತ್ತದೆ, ಅಥವಾ ಬದಿಯ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಕೊಳ್ಳುವ ಮೊದಲು ಮಾರುವವರ ಹತ್ತಿರ ಕೊಂಡಿಯ ಮುಖದ ನೇರ ಚಿತ್ರವೊಂದನ್ನು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕೇಳಿ ಪಡೆಯಿರಿ. ಗೂಟಗಳ ನಡುವಿನ ಅಂತರ ನಿಮ್ಮದಕ್ಕೆ ಹೊಂದಿದರೆ ಮುಕ್ಕಾಲು ಕೆಲಸ ಆಯಿತು. ಬೇರೆ ಬೇರೆ ಸರಣಿಯ ಜೋಡಿಗಳು ಹೊರನೋಟಕ್ಕೆ ಒಂದೇ ಥರ ಇದ್ದರೂ ಕೊಂಡಿ ಬೇರೆಯೇ ಇರಬಹುದು, ಆದ್ದರಿಂದ ಈ ಚಿತ್ರ ಇಲ್ಲದೆ ಹಣ ಕೊಡಬೇಡಿ.

ಒಂದು ಅರ್ಧ ಕಳೆದೇಹೋಗಿದ್ದರೆ, ತ್ರೀಡಿ ಪ್ರಿಂಟರ್ ಕೈಗೆಟುಕುವಂತಿದ್ದರೆ, ಮಗನ ಜೊತೆ ಕೂತು ಹೊಸ ಬಾಲವೊಂದನ್ನು ನೀವೇ ಮಾಡಬಹುದು. ಅದು ರೋಬೋ ಆಗಲೇಬೇಕೆಂದಿಲ್ಲ; ಕ್ರೇನ್ ಆಗಲಿ, ಟ್ಯಾಂಕರ್ ಆಗಲಿ, ಕೊಂಡಿ ಸರಿಯಿದ್ದರೆ ಇರುವ ಮೂತಿಗೆ ಹೊಸ ಗಾಡಿ ಸಿಕ್ಕಿತು. ಪ್ಲಾಸ್ಟಿಕ್ ಎಳೆ ಕರಗಿಸಿ ಪದರ ಪದರವಾಗಿ ಕಟ್ಟುವ ಯಂತ್ರವಾದರೆ ಗೂಟ ಮತ್ತು ತೂತಿನ ನಡುವೆ 0.2 ಮಿಲಿಮೀಟರ್ ಸಡಿಲ ಬಿಟ್ಟು ಶುರುಮಾಡಿ, ಆಮೇಲೆ ಬಿಗಿ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಗೂಟ ಯಂತ್ರದ ಮೇಲೆ ಲಂಬವಾಗಿ ನಿಲ್ಲುವಂತೆ ಮುದ್ರಿಸಬೇಡಿ, ಹಾಗೆ ಮಾಡಿದರೆ ಪದರಗಳ ನಡುವೆಯೇ ಕಡ್ಡಿಯಂತೆ ಮುರಿಯುತ್ತದೆ. ಮಲಗಿಸಿ ಮುದ್ರಿಸಿದರೆ ಎಳೆಗಳು ಗೂಟದ ಉದ್ದಕ್ಕೂ ಹರಿದು ಬಾಗುಬಲವನ್ನು ತಡೆಯುತ್ತವೆ. ಗೂಟವನ್ನು ಬೇರೆಯಾಗಿ ಮುದ್ರಿಸಿ ಆಮೇಲೆ ಅಂಟಿಸುವುದಾದರೆ ಅದರ ಬುಡ ಕನಿಷ್ಠ ಗೂಟದ ಉದ್ದದಷ್ಟಾದರೂ ಮೈಯೊಳಗೆ ಹೋಗಿರಲಿ. ಗಾಲಿಯನ್ನು ಎಲ್ಲಿಡಬೇಕು ಅನ್ನುವುದು ನಿಮಗೆ ಈಗ ಗೊತ್ತೇ ಇದೆ: ಮೊದಲು ಗಾಲಿಯಿಲ್ಲದೆ ಬಾಲವನ್ನು ಪೆನ್ಸಿಲ್ಲಿನ ಮೇಲಿಟ್ಟು ಎಲ್ಲಿ ತೂಗಿ ನಿಲ್ಲುತ್ತದೆ ನೋಡಿ, ಅಲ್ಲಿ ಗುರುತು ಹಾಕಿ, ಅಚ್ಚುಗೋಲಿನ ತೂತನ್ನು ಅಲ್ಲೇ ಕೊರೆಯಿರಿ.